ಮುಖಪರಿಚಯ

ಅವರ ಹೆಸರು ಗೊತ್ತಿಲ್ಲ, ಮನೆ ಗೊತ್ತಿಲ್ಲ, ಮನೆಯಲ್ಲಿ ಯಾವ ಭಾಷೆ ಆಡುತ್ತಾರೋ ಅದೂ ಗೊತ್ತಿಲ್ಲ. ಆದರೆ ಅವರ ಕಪ್ಪು ಚೀಲದ ಜಿಪ್ಪು ಕಿತ್ತುಹೋಗಿ ಮೂರು ತಿಂಗಳಾಗಿದೆ ಎಂಬುದು ಗೊತ್ತು. ಬಸ್ಸು ತಡವಾದರೆ ಮೊದಲು ಗಡಿಯಾರ, ಆಮೇಲೆ ರಸ್ತೆಯ ತಿರುವು, ಮತ್ತೆ ಗಡಿಯಾರ ನೋಡಿ ನಾಲಿಗೆಯ ತುದಿಯಲ್ಲಿ ‘ಚ್’ ಎನ್ನುತ್ತಾರೆ ಎಂಬುದೂ ಗೊತ್ತು. ಆರು ವರ್ಷಗಳಿಂದ ನಾವಿಬ್ಬರೂ ಒಂದೇ ನಿಲ್ದಾಣದಲ್ಲಿ ಒಂದೇ ಬಸ್ಸಿಗೆ ಕಾಯುತ್ತಿದ್ದೇವೆ. ಯಾರಾದರೂ ‘ಅವರು ನಿಮಗೆ ಗೊತ್ತೇ?’ ಎಂದು ಕೇಳಿದರೆ ಏನು ಹೇಳಲಿ? ಗೊತ್ತು ಎಂದರೆ ಸುಳ್ಳು, ಗೊತ್ತಿಲ್ಲ ಎಂದರೆ ಅನ್ಯಾಯ.

ಪುಣ್ಯಕ್ಕೆ ಕನ್ನಡದಲ್ಲಿ ಇದಕ್ಕೊಂದು ಪದವಿದೆ: ಮುಖಪರಿಚಯ. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಮ್ 1972ರಲ್ಲಿ ಈ ಸಂಬಂಧದ ಬಗ್ಗೆ ಬರೆಯಹೊರಟಾಗ, ‘ಪರಿಚಿತ ಅಪರಿಚಿತ’ ಎಂದು ಒಂದನ್ನೊಂದು ಕಂಡರಾಗದ ಎರಡು ಪದಗಳನ್ನು ಒಂದೇ ಹಗ್ಗದಲ್ಲಿ ಕಟ್ಟಬೇಕಾಯಿತು. ಆತನ ವಿದ್ಯಾರ್ಥಿಗಳು ರೈಲಿಗೆ ಕಾಯುತ್ತಿದ್ದವರ ಫೋಟೊ ತೆಗೆದು, ಅವರಿಗೇ ಅದನ್ನು ಹಂಚಿ, ಯಾರ ಯಾರ ಮುಖ ಬಲ್ಲಿರಿ ಎಂದು ವಿಚಾರಿಸಿದರು. ಒಮ್ಮೆಯೂ ಮಾತನಾಡಿಸದ, ಆದರೂ ಚೆನ್ನಾಗಿ ಗುರುತಿರುವ ಮುಖಗಳು ತಲೆಗೆ ಸರಾಸರಿ ನಾಲ್ಕು ಸಿಕ್ಕವು. ನಾಲ್ಕೇ! ನನಗಾದರೆ ಮನೆಯ ತಿರುವು ದಾಟುವಷ್ಟರಲ್ಲಿ ನಾಲ್ಕು ಮುಗಿದಿರುತ್ತವೆ.

ಇದು ನನ್ನ ಹೆಚ್ಚುಗಾರಿಕೆಯಲ್ಲ, ನಗರದ ಗಾತ್ರದ ಮಹಿಮೆ. ಮಧ್ಯಮ ಗಾತ್ರ ಎಂದರೆ ಎಷ್ಟು ಎಂಬುದರಲ್ಲಿ ಬಲ್ಲವರಿಗೇ ಒಮ್ಮತವಿಲ್ಲ. ವಿಶ್ವಸಂಸ್ಥೆಯ ಪಟ್ಟಿಯಲ್ಲಿ 10 ಲಕ್ಷದಿಂದ 50 ಲಕ್ಷ ಜನರಿರುವುದು ಮಧ್ಯಮ ನಗರ. ಒಇಸಿಡಿ ಎಂಬ ದೇಶಗಳ ಕೂಟಕ್ಕೆ 2 ಲಕ್ಷದಿಂದ 5 ಲಕ್ಷವಾದರೆ ಸಾಕು. ನನ್ನ ಅಳತೆಗೋಲೇ ಬೇರೆ. ರಸ್ತೆಯಲ್ಲಿ ನೀವು ಜಗಳವಾಡಿದ ಮನುಷ್ಯ ಮತ್ತೆ ಎದುರಾಗುವ ಹೊತ್ತಿಗೆ ಸಿಟ್ಟು ಇಳಿದಿರಬೇಕು, ಮುಖ ಮರೆತಿರಬಾರದು. ಅಷ್ಟು ದೊಡ್ಡದಾದರೆ ಅದು ಮಧ್ಯಮ ನಗರ. ಒಮ್ಮೆ ಅಡ್ಡ ಬಂದ ಸ್ಕೂಟರಿನವನಿಗೆ ಕಿಟಕಿ ಇಳಿಸಿ ನಾಲ್ಕು ಮಾತು ಅಂದಿದ್ದೆ. ಹದಿನೈದು ದಿನಗಳ ಮೇಲೆ ದಂತವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದು ಒರಗಿದಾಗ, ನನ್ನ ಮೇಲೆ ಬಗ್ಗಿದ ಸಹಾಯಕನ ಮುಖಗವಸಿನ ಮೇಲಿನ ಎರಡು ಕಣ್ಣುಗಳನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಆತ ಏನೂ ಹೇಳಲಿಲ್ಲ. ‘ಇನ್ನೂ ಸ್ವಲ್ಪ ಅಗಲಿಸಿ’ ಎಂದು ಮಾತ್ರ ಎರಡು ಸಲ ಹೇಳಿದ. ಅಂದಿನಿಂದ ಕಿಟಕಿ ಇಳಿಸುವ ಮುನ್ನ ಯೋಚಿಸುತ್ತೇನೆ.

ಅರಿಸ್ಟಾಟಲ್ ಈ ಗಾತ್ರದ ಲೆಕ್ಕಾಚಾರವನ್ನು ಎರಡು ಸಾವಿರ ವರ್ಷಗಳ ಹಿಂದೆಯೇ ಮಾಡಿದ್ದ. ನಗರ ಒಂದೇ ನೋಟಕ್ಕೆ ದಕ್ಕುವಂತಿರಬೇಕು, ಪ್ರಜೆಗಳು ಒಬ್ಬರ ನಡತೆಯನ್ನು ಇನ್ನೊಬ್ಬರು ಬಲ್ಲವರಾಗಿರಬೇಕು. ತೀರ ದೊಡ್ಡದಾದರೆ ಸ್ಟೆಂಟರನ ಗಂಟಲಿಲ್ಲದೆ ಅಲ್ಲಿ ಡಂಗುರ ಸಾರುವವರು ಯಾರು ಎಂದು ಆತನ ಚಿಂತೆ. (ಹೋಮರನ ಕಾವ್ಯದ ಈ ಸ್ಟೆಂಟರನದು ಐವತ್ತು ಜನರಷ್ಟು ದೊಡ್ಡ ದನಿ.) ಡಂಗುರ ಎಷ್ಟು ದೂರ ಕೇಳಿಸಬೇಕೆಂದು ಯೋಚಿಸಿದ ಮಹಾಶಯ, ಅದನ್ನು ಯಾವ ಭಾಷೆಯಲ್ಲಿ ಸಾರಬೇಕೆಂದು ಹೇಳದೆ ಬಿಟ್ಟ. ನಮ್ಮ ತಲೆನೋವು ಶುರುವಾಗುವುದೇ ಅಲ್ಲಿಂದ.

ಹತ್ತಾರು ಕಡೆಯ ಜನ ಬಂದು ನೆಲೆಸಿದ ನಗರಗಳು ಎಷ್ಟೋ ಇವೆ. ಮಹಾನಗರದಲ್ಲಿ ಪ್ರತಿಯೊಂದು ಬಳಗಕ್ಕೂ ತನ್ನದೇ ಬೀದಿ, ತನ್ನದೇ ಕ್ಷೌರಿಕ, ತನ್ನದೇ ಸಂಘ ಇರುವಷ್ಟು ಜನಬಲವಿರುತ್ತದೆ. ಬೇಕೆಂದರೆ ಬೇರೆಯವರ ಮುಖ ನೋಡದೆಯೇ ಬದುಕು ಸಾಗಿಸಬಹುದು. ಮಧ್ಯಮ ನಗರದಲ್ಲಿ ಆ ಐಷಾರಾಮವಿಲ್ಲ. ಭಾನುವಾರ ಚೆಂಡಾಟಕ್ಕೆಂದು ಒಂದೇ ಭಾಷೆಯವರು ತಂಡ ಕಟ್ಟಲು ಹೊರಟರೆ ಎಂಟು ಜನ ಸಿಗುತ್ತಾರೆ, ಹನ್ನೊಂದು ಆಗುವುದಿಲ್ಲ. ಉಳಿದ ಮೂವರನ್ನು ಪಕ್ಕದ ಬಳಗದಿಂದ ಸಾಲ ತರಬೇಕು. ಸಾಲ ಬಂದ ಮೂವರಿಗೆ ಮೊದಲ ದಿನವೇ ಬೈಗುಳಗಳು ಕಂಠಪಾಠ. ‘ಚೆಂಡನ್ನು ಇತ್ತ ಕೊಡು’ ಎನ್ನಲು ಮಾತ್ರ ತಿಂಗಳು ಹಿಡಿಯುತ್ತದೆ. ಸೌಹಾರ್ದದ ಬಗ್ಗೆ ಭಾಷಣ ಮಾಡುವವರು ಈ ಮೂರು ಜನರ ಕೊರತೆಯನ್ನು ಲೆಕ್ಕಕ್ಕೆ ಹಿಡಿದದ್ದನ್ನು ನಾನು ಕಾಣೆ.

ಆದರೂ ಮೊದಲ ಮಾತಿನ ಇಕ್ಕಟ್ಟು ಇದ್ದೇ ಇದೆ. ಎದುರಿಗಿರುವವರ ಮುಖ, ಉಡುಪು, ಕೈಯಲ್ಲಿರುವ ಪತ್ರಿಕೆಯನ್ನು ಕಣ್ಣಂಚಿನಲ್ಲೇ ಓದಿ ಭಾಷೆಯನ್ನು ಊಹಿಸಬೇಕು. ತಪ್ಪಿದರೆ ಎದುರಿನವರಿಗೆ ಬೇಸರ, ಸರಿಯಾದರೆ ‘ನೀವೂ ನಮ್ಮ ಕಡೆಯವರೇ?’ ಎಂಬ ಪ್ರಶ್ನೆ. ಅಲ್ಲ ಎಂದಾಗ ಇನ್ನೂ ದೊಡ್ಡ ಬೇಸರ. ನನ್ನ ಮುಖವನ್ನು ನೋಡಿದವರು ಇದುವರೆಗೆ ಐದು ಭಾಷೆಗಳನ್ನು ಊಹಿಸಿದ್ದಾರೆ. ನನ್ನ ಭಾಷೆ ಆ ಐದರಲ್ಲಿ ಇಲ್ಲ.

ಕಪ್ಪು ಚೀಲದವರ ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ಏನೋ ಕೆಲಸಕ್ಕೆಂದು ದೂರದ ಮಹಾನಗರಕ್ಕೆ ಹೋಗಿದ್ದೆ. ರೈಲು ನಿಲ್ದಾಣದ ಜನಜಂಗುಳಿಯಲ್ಲಿ ದಿಕ್ಕು ತೋಚದೆ ನಿಂತಿದ್ದಾಗ ಬಾಯಿ ತೆರೆದ ಆ ಚೀಲ ಕಂಡಿತು. ಚೀಲದ ಹಿಂದೆ ಅವರು! ಇಬ್ಬರೂ ಜಾತ್ರೆಯಲ್ಲಿ ಕಳೆದುಹೋಗಿ ಸಿಕ್ಕ ಅಣ್ಣತಮ್ಮಂದಿರಂತೆ ಕೈ ಹಿಡಿದುಕೊಂಡೆವು. ನಿತ್ಯ ಕಾಣುವ ಜಾಗದಿಂದ ದೂರ ಹೋದಷ್ಟೂ ಮುಖಪರಿಚಯದವರು ಮಾತಿಗಿಳಿಯುವ ಸಂಭವ ಹೆಚ್ಚು ಎಂದು ಮಿಲ್‌ಗ್ರಾಮ್ ಹೇಳಿದ್ದಾನೆ. ಇಳಿದೆವು ನಿಜ, ಯಾವ ಭಾಷೆಯಲ್ಲಿ? ಅವರು ತಮ್ಮದರಲ್ಲಿ ಆರಂಭಿಸಿದರು, ನಾನು ನನ್ನದರಲ್ಲಿ. ಕೊನೆಗೆ ಇಬ್ಬರಿಗೂ ಅರ್ಧಂಬರ್ಧ ಬರುವ ಮೂರನೆಯದಕ್ಕೆ ಬಂದು ನಿಂತೆವು. ಕಾಲು ಗಂಟೆ ಮಾತನಾಡಿದೆವು, ಪೂರ್ತಿ ನಮ್ಮ ಬಸ್ಸಿನ ಬಗ್ಗೆಯೇ. ಹೆಸರು ಕೇಳಲು ಇಬ್ಬರಿಗೂ ನೆನಪಾಗಲಿಲ್ಲ.

ಊರಿಗೆ ಮರಳಿದ ಮರುದಿನ ನಿಲ್ದಾಣಕ್ಕೆ ಹೋಗಲು ಒಂಥರಾ ಸಂಕೋಚ. ಈಗ ದಿನಾ ಮಾತನಾಡಬೇಕೇ? ಅಷ್ಟು ವಿಷಯ ಎಲ್ಲಿಂದ ತರುವುದು? ಅವರಿಗೂ ಅದೇ ಅಳುಕು ಇದ್ದಿರಬೇಕು, ನನ್ನನ್ನು ಕಂಡವರೇ ಹುಬ್ಬು ಕೊಂಚ ಏರಿಸಿ ರಸ್ತೆಯತ್ತ ತಿರುಗಿದರು. ನಾನು ಮೊಬೈಲ್ ತೆಗೆದೆ. ಬಸ್ಸು ಹತ್ತು ನಿಮಿಷ ತಡವಾಯಿತು. ಅವರು ಗಡಿಯಾರ ನೋಡಿ ‘ಚ್’ ಎಂದರು. ಒಂದು ಕ್ಷಣ ಬಿಟ್ಟು ನಾನೂ ‘ಚ್’ ಎಂದೆ.