ಕೆಸರುಗಾಲದ ಪಾಠ

ನಾನಿರುವ ಅಮೆರಿಕದ ಮೇಯ್ನ್‌ನಲ್ಲಿ ಏಪ್ರಿಲ್ ಬಂತೆಂದರೆ ಹಿಮ ಕರಗಿ ಕಾಡಿನ ದಾರಿಯೆಲ್ಲ ಕೆಸರು. ಲಾರಿ ಹೋಗೋದಿಲ್ಲ, ಮರ ಕಡಿಯುವ ಕೆಲಸ ನಿಲ್ಲುತ್ತದೆ. ಆಗ ಮರ ಕಡಿಯುವವರು ಕ್ಲಾಸಿಗೆ ಹೋಗುತ್ತಾರೆ. ಹೊಸಬರಷ್ಟೇ ಅಲ್ಲ, 30 ವರ್ಷ ಗರಗಸ ಹಿಡಿದವರೂ. 1991ರಿಂದ ಇಲ್ಲಿ ಅವರಿಗೆ ಸರ್ಟಿಫಿಕೇಟ್ ಇದೆ. ಆಗಾಗ ಮತ್ತೆ ಕಲಿತು ಅದನ್ನು ಉಳಿಸಿಕೊಳ್ಳಬೇಕು. ಪ್ರಥಮ ಚಿಕಿತ್ಸೆಯ ತರಬೇತಿಯಂತೂ ಅಮೆರಿಕದ ಕಾನೂನೇ.

ಮನೆ ಹಿಂದೆ ಒಂದಿಷ್ಟು ಮರಗಳಿವೆ ಅಂತ ನಾನೂ ಒಂದು ದಿನದ ತರಬೇತಿಗೆ ಹೋಗಿದ್ದೆ. ಮೇಷ್ಟ್ರು ಸ್ವತಃ ಮರ ಕಡಿಯುವವರು. ಮೊದಲು ತಲೆ ಎತ್ತಿ ಒಣಕೊಂಬೆ ಹುಡುಕಿಸಿದರು. ತಪ್ಪಿಸಿಕೊಂಡು ಓಡಲು ಹಿಂದೆ ಓರೆಯಾಗಿ ದಾರಿ ಸವರಿಸಿದರು. ಮರ ಬೀಳಬೇಕಾದ ಕಡೆ ಗೂಟ ನೆಟ್ಟರು. ಮರ ಬಿದ್ದಾಗ ನಾವೆಲ್ಲ ಮರ ನೋಡಿದರೆ, ಅವರು ಬುಡದ ಹತ್ತಿರ ಮಂಡಿಯೂರಿ ಟೇಪ್ ಹಿಡಿದರು. ಮುಂದಿನ ಕಚ್ಚಿಗೂ ಹಿಂದಿನ ಕೊಯ್ತಕ್ಕೂ ನಡುವೆ ಕೊಯ್ಯದೆ ಬಿಟ್ಟ ಪಟ್ಟಿ ಬಾಗಿಲ ಕೀಲಿನ ಹಾಗೆ. ಅದರ ದಪ್ಪ ಮರದ ದಪ್ಪದ ಹತ್ತನೇ ಒಂದು ಭಾಗ ಇರಬೇಕು. ನಾನು ಕಡಿದ ಮರದಲ್ಲಿ ಆ ಪಟ್ಟಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಮರ ಗೂಟ ಬಿಟ್ಟು ಎರಡು ಮಾರು ಆಚೆ ಬಿದ್ದಿತ್ತು.

ನಮ್ಮೂರು ಮೂಡಿಗೆರೆ ಕಡೆ. ಅಲ್ಲಿ ಮರಗಸಿ ಮಾಡುವವರು, ಅಂದರೆ ಕಾಫಿ ತೋಟದ ನೆರಳಿನ ಮರಗಳ ಕೊಂಬೆ ಸವರುವವರು, ಒಂದು ಹಗ್ಗ, ಒಂದು ಕತ್ತಿ ಹಿಡಿದು ಹತ್ತಿ, ಕೆಳಗಿನ ಕಾಫಿ ಗಿಡ ಮುರಿಯದ ಹಾಗೆ ಕೊಂಬೆ ಇಳಿಸುತ್ತಾರೆ. ಆ ಕೈಚಳಕ ನಾನು ಇಲ್ಲಿ ಕಂಡಿಲ್ಲ. ಆದರೆ ಗರಗಸದ ಮಿಷನ್ ಬಂದಾಗ ಅದನ್ನು ಯಾರೂ ಅವರಿಗೆ ಕಲಿಸಲಿಲ್ಲ. ನಮ್ಮ ತೋಟದಲ್ಲೇ ಓರೆಯಾಗಿದ್ದ ಸಿಲ್ವರ್ ಓಕ್ ಬುಡದಿಂದ ಮೇಲಕ್ಕೆ ಸೀಳಿ, ಹಿಂದಕ್ಕೆ ಒದ್ದು, 20 ವರ್ಷ ಅನುಭವ ಇದ್ದವರೊಬ್ಬರ ಸೊಂಟ ಮುರಿಯಿತು. ಹಣೆಬರಹ ಅಂದರು ಎಲ್ಲರೂ. ನಾನೂ ಹಾಗೇ ಅಂದುಕೊಂಡಿದ್ದೆ. ಇಲ್ಲಿ ಮೇಷ್ಟ್ರು ತೋರಿಸಿದರು: ಬಾಗಿದ ಮರಕ್ಕೆ ಗರಗಸದ ತುದಿಯನ್ನು ನಡುವೆ ತೂರಿಸಿ ಮೊದಲು ಕೀಲು ಸರಿಮಾಡಿಕೊಳ್ಳಬೇಕು. ಹಿಂದೆ ಸ್ವಲ್ಪ ಮರ ಬಿಟ್ಟು, ಅದನ್ನು ಕೊನೆಗೆ ಕಡಿಯಬೇಕು. ಹತ್ತು ನಿಮಿಷದ ಪಾಠ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಇಲ್ಲೂ ಇದು ತುಂಬಾ ಅಪಾಯದ ಕೆಲಸವೇ. 2023ರಲ್ಲಿ ಅಮೆರಿಕದಲ್ಲಿ ಮರ ಕಡಿಯುವ ಒಂದು ಲಕ್ಷ ಕೆಲಸಗಾರರಿಗೆ ಸುಮಾರು 99ರ ಲೆಕ್ಕದಲ್ಲಿ ಸಾವು. ಅದಕ್ಕೇ ಹಳಬರೂ ಮತ್ತೆ ಬೆಂಚಿನ ಮೇಲೆ ಕೂರುತ್ತಾರೆ.

ನಮ್ಮ ಕೆಸರುಗಾಲ ಮಳೆಗಾಲ ಅಲ್ವಾ? ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಂಥ ಕಡೆ ಎರಡು ದಿನ ಕಲಿಸಬಹುದು. ತೋಟದವರು ಆ ಎರಡು ದಿನದ ಕೂಲಿ ಕೊಟ್ಟೇ ಕಳಿಸಬೇಕು. ಅಣ್ಣನಿಗೆ ಫೋನಿನಲ್ಲಿ ಹೇಳಿದೆ. "ಬರ್ತಾರೆ ಕಣೋ, ಕಲಿಸೋರು ಯಾರು?" ಅಂದ. ಸೊಂಟ ಮುರಿದುಕೊಂಡವರ ಹೆಸರು ಹೇಳಿದೆ. ಅವರು ಇನ್ನು ಮರ ಹತ್ತಲಾರರು. ಬುಡದಲ್ಲಿ ನಿಂತು ಎಲ್ಲಿ ತಪ್ಪಿತು ಅಂತ ತೋರಿಸಬಲ್ಲರು.