ನಾಯಕ ನಮ್ಮ ಮಾತು ಆಡುವುದು ಯಾವಾಗ?

2021ರ ಅಕ್ಟೋಬರ್ 29, ಶುಕ್ರವಾರ. ಕೊರೊನಾ ಕಾರಣಕ್ಕೆ ಹಿಂದಿನ ವರ್ಷದ ದೀಪಾವಳಿ ತಪ್ಪಿತ್ತು. ಈ ಸಲ ತಪ್ಪಿಸಬಾರದೆಂದು ನಾಲ್ಕಾರು ದಿನ ಮೊದಲೇ ರಜೆ ಹಾಕಿ, ಪುಣೆಯಿಂದ ರೈಲಿನಲ್ಲಿ ಸೋಲಾಪುರಕ್ಕೆ ಬಂದು, ಅಲ್ಲಿಂದ ವಿಜಯಪುರದ ಬಸ್ ಹತ್ತಿದ್ದೆ. ಭೀಮಾ ನದಿಯ ಸೇತುವೆ ಬಂತೆಂದರೆ ನನಗೆ ಊರು ಬಂದ ಹಾಗೆಯೇ. ಆಚೆ ದಂಡೆ ಮಹಾರಾಷ್ಟ್ರ, ಈಚೆ ದಂಡೆ ಧೂಳಖೇಡ, ಅಂದರೆ ನಮ್ಮ ನಾಡು. ಆವತ್ತು ಸೇತುವೆ ಮೇಲೆ ಬರುವಾಗ ಕಂಡಕ್ಟರ್ ಮೊಬೈಲ್ ಕಿವಿಗೆ ಹಿಡಿದವನು ನಿಂತಲ್ಲೇ ನಿಂತುಬಿಟ್ಟ. ‘ಅಪ್ಪು ಹ್ವಾದಂತ್ರಿ’ ಅಂದ. ಯಾವ ಅಪ್ಪು ಎಂದು ಬಸ್ಸಿನಲ್ಲಿ ಒಬ್ಬರೂ ಕೇಳಲಿಲ್ಲ, ನಟ ಪುನೀತ್ ರಾಜಕುಮಾರ್ ಎಂದು ಎಲ್ಲರಿಗೂ ಗೊತ್ತಿತ್ತು. ನನ್ನ ಮುಂದಿನ ಸೀಟಿನಲ್ಲಿ ಒಬ್ಬ ಮುದುಕಿ ಕೂತಿದ್ದಳು. ಸೋಲಾಪುರದಲ್ಲಿ ಲಿಂಬೆಕಾಯಿ ಮಾರಿ, ಖಾಲಿ ಚೀಲ ಮಡಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಆ ಚೀಲಕ್ಕೇ ಮುಖ ಒತ್ತಿಕೊಂಡು ಅತ್ತಳು.

ಝಳಕಿ ಕ್ರಾಸಿನಲ್ಲಿ ಇಳಿದೆ. ಆಗಷ್ಟೇ ಕಬ್ಬಿನ ಹಂಗಾಮು ಶುರುವಾಗಿತ್ತು. ನಮ್ಮ ಕಡೆ ಕಬ್ಬಿನ ಟ್ರ್ಯಾಕ್ಟರ್ ಬರುವುದು ಕಣ್ಣಿಗೆ ಕಾಣುವ ಮೊದಲು ಕಿವಿಗೆ ಕೇಳುತ್ತದೆ, ಅಷ್ಟು ಜೋರಾಗಿ ಟೇಪ್ ಹಚ್ಚಿರುತ್ತಾರೆ. ಅಂದು ಒಂದರ ಹಿಂದೆ ಒಂದು ಮೂರು ಟ್ರ್ಯಾಕ್ಟರ್ ಹಾದುಹೋದವು. ಎಂಜಿನ್ ಸದ್ದು ಬಿಟ್ಟರೆ ಮತ್ತೇನೂ ಇರಲಿಲ್ಲ. ಅಪ್ಪುವಿನ ಅಣ್ಣ ಶಿವರಾಜಕುಮಾರ್ ಅವರ ಹೊಸ ಚಿತ್ರ ಅದೇ ದಿನ ಬಿಡುಗಡೆಯಾಗಿತ್ತು. ಆಟಗಳು ನಿಂತವು, ಟಾಕೀಜುಗಳ ಬಾಗಿಲು ಮುಚ್ಚಿದವು.

ಮನೆಗೆ ಹೋದರೆ ಅವ್ವ ಜಗಲಿಯ ಮೇಲಿನ ಹಣತೆ ತಂದು ಟಿವಿಯ ಮುಂದೆ ಇಟ್ಟಿದ್ದಳು. ನನ್ನ ಕೈಯಿಂದ ಚೀಲವನ್ನೂ ಇಸಗೊಳ್ಳಲಿಲ್ಲ. ‘ನಮ್ಮ ಕಣ್ಣಮುಂದ ಬೆಳದ ಕೂಸಪ್ಪಾ ಅದು’ ಅಂದಳು. ನಿಜವೇ. 1975ರಲ್ಲಿ ಹುಟ್ಟಿದ ಪುನೀತ್ ಮಾತು ಕಲಿಯುವ ವಯಸ್ಸಿನಿಂದಲೇ ತೆರೆಯ ಮೇಲೆ ಇದ್ದರು. ಅವ್ವನಿಗೆ ‘ಬೆಟ್ಟದ ಹೂವು’ ಚಿತ್ರ ಇವತ್ತಿಗೂ ನೆನಪಿದೆ. 1985ರ ಆ ಚಿತ್ರಕ್ಕೆ ಪುನೀತ್‌ಗೆ ಬಾಲನಟನ ರಾಷ್ಟ್ರಪ್ರಶಸ್ತಿ ಬಂತು. ಬಡ ಹುಡುಗನೊಬ್ಬ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಬೇಕೆಂದು ಕಾಡಿನ ಹೂ ಆಯ್ದು ಮಾರಿ ಕಾಸು ಕೂಡಿಸುತ್ತಾನೆ. ಕೊನೆಗೆ ಪುಸ್ತಕ ಬಿಟ್ಟು ಮನೆಯವರಿಗೆ ಹೊದಿಕೆ ತರುತ್ತಾನೆ. ಅವ್ವ ಸಾಲಿ ಕಲಿತವಳಲ್ಲ, ಆ ಪುಸ್ತಕ ಯಾವುದು, ಬರೆದವರು ಯಾರು ಎಂದು ಗೊತ್ತಿಲ್ಲ. ಹೊದಿಕೆ ಮಾತ್ರ ಮರೆತಿಲ್ಲ. ‘ಥಂಡ್ಯಾಗ ಕೌದಿ ತಂದುಕೊಟ್ಟ ಮಗ’ ಎಂದೇ ಹೇಳುತ್ತಾಳೆ. 46ಕ್ಕೆ ಹೋದದ್ದು ಅವಳ ಪಾಲಿಗೆ ಒಬ್ಬ ನಟ ಅಲ್ಲ.

ಹಬ್ಬ ಮುಗಿಸಿ ಪುಣೆಗೆ ಮರಳಿದಾಗ ಜೊತೆಗೆ ಕೆಲಸ ಮಾಡುವ ಮರಾಠಿ ಗೆಳೆಯ ಕೇಳಿದ: ‘ಒಬ್ಬ ನಟ ತೀರಿದರೆ ನಿಮ್ಮಲ್ಲಿ ಇಡೀ ರಾಜ್ಯ ಯಾಕೆ ಹೀಗಾಗುತ್ತದೆ?’ ಕುಹಕದಿಂದ ಕೇಳಿದ್ದಲ್ಲ. 2006ರ ಏಪ್ರಿಲ್‌ನಲ್ಲಿ ಡಾ. ರಾಜಕುಮಾರ್ ತೀರಿಕೊಂಡಾಗ ಬೆಂಗಳೂರಿನಲ್ಲಿ ನಡೆದ ಕಲ್ಲು, ಬೆಂಕಿ, ಸಾವು ಅವನ ನೆನಪಿನಲ್ಲಿದ್ದವು. ಅದು ತಪ್ಪು, ಅದನ್ನು ದುಃಖ ಎಂದು ನಾನೂ ಕರೆಯುವುದಿಲ್ಲ. ನಮ್ಮಪ್ಪನ ಟ್ರಂಕಿನ ಮುಚ್ಚಳದ ಒಳಗೆ ರಾಜಕುಮಾರ್ ಅವರ ಚಿತ್ರ ಅಂಟಿಸಿತ್ತು, ಪತ್ರಿಕೆಯಿಂದ ಕತ್ತರಿಸಿದ್ದು. ಆ ಸುದ್ದಿ ಬಂದ ರಾತ್ರಿ ಅಪ್ಪ ಊಟ ಮಾಡದೆ ಆ ಟ್ರಂಕು ತೆಗೆದು ಕೂತಿದ್ದ. ನಾನು ದುಃಖ ಅನ್ನುವುದು ಅದಕ್ಕೆ. 2021ರಲ್ಲಿ ಕಂಠೀರವ ಕ್ರೀಡಾಂಗಣದ ಮುಂದೆ ಲಕ್ಷಗಟ್ಟಲೆ ಜನ ಸಾಲು ನಿಂತು ನೋಡಿ, ಅತ್ತು, ಮನೆಗೆ ಹೋದರು. 31ರ ಬೆಳಿಗ್ಗೆ ಕಂಠೀರವ ಸ್ಟುಡಿಯೊದಲ್ಲಿ ತಂದೆತಾಯಿಯ ಪಕ್ಕದಲ್ಲಿ ಮಣ್ಣು ಮಾಡಿದರು. ನಮ್ಮ ಜನ ಆ 15 ವರ್ಷಗಳಲ್ಲಿ ಕಲಿತಿದ್ದರು. ಗೆಳೆಯನಿಗೆ ಇದನ್ನು ಹೇಳಿದೆ.

ತಂದೆಯಂತೆ ಮಗನ ಕಣ್ಣುಗಳೂ ದಾನವಾದವು, ನಾಲ್ವರಿಗೆ ದೃಷ್ಟಿ ಬಂತು. ಅದಾದ ಮೇಲೆ ನಮ್ಮೂರಿನಲ್ಲೂ ಕಣ್ಣು ಕೊಡುತ್ತೇವೆಂದು ಹೆಸರು ಬರೆಸಿದರು. ಅವ್ವ ಆಶಾ ಕಾರ್ಯಕರ್ತೆಯನ್ನು ತಡೆದು ಕೇಳಿದ್ದು, ‘ಯವ್ವಾ, ನನ್ನ ಕಣ್ಣಾಗ ಪೊರಿ ಬಂದಾವ, ನಡೀತದೇನ?’ ಪೊರೆ ಬರುವುದು ಒಳಗಿನ ಮಸೂರಕ್ಕೆ, ದಾನಕ್ಕೆ ತೆಗೆದುಕೊಳ್ಳುವುದು ಮುಂದಿನ ತಿಳಿಪದರ, ಹಾಗಾಗಿ ನಡೆಯುತ್ತದೆ ಎಂದು ಆಕೆ ತಿಳಿಸಿ ಹೇಳಿದಳು. ಅವ್ವ ಹೆಬ್ಬೆಟ್ಟು ಒತ್ತಿದಳು.

ಪುಣೆಯ ರೀತಿ ಬೇರೆ. 2022ರ ನವೆಂಬರ್‌ನಲ್ಲಿ ಮರಾಠಿ ನಟ ವಿಕ್ರಮ್ ಗೋಖಲೆ ತೀರಿಕೊಂಡಾಗ ಬಾಲಗಂಧರ್ವ ರಂಗಮಂದಿರದಲ್ಲಿ ದರ್ಶನಕ್ಕೆ ಇಟ್ಟಿದ್ದರು, ನಾನೂ ಹೋಗಿದ್ದೆ. ಸಾಲಿನಲ್ಲಿ ಕೂಗಾಟ ಇರಲಿಲ್ಲ. ಜನ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು, ಮಾತೆಲ್ಲ ಅವರ ನಾಟಕಗಳದ್ದೇ. ಯಾವ ಪಾತ್ರ ಹೇಗೆ ಮಾಡಿದರು, ಎಲ್ಲಿ ಮಾತು ನಿಲ್ಲಿಸಿ ಸುಮ್ಮನಿರುತ್ತಿದ್ದರು ಎಂದು. ನಾವು ಮನೆಮಗನನ್ನು ಕಳಕೊಂಡಂತೆ ಅಳುತ್ತೇವೆ, ಅವರು ಕಲಾವಿದನನ್ನು ಕಳಕೊಂಡೆವೆಂದು ಅಳುತ್ತಾರೆ. ಅಳು ಕಲಿಯಲು ನಾವು ಎಲ್ಲಿಗೂ ಹೋಗಬೇಕಿಲ್ಲ. ಆದರೆ ಕೆಲಸದ ಬಗ್ಗೆ ಹಾಗೆ ಮಾತಾಡುವುದನ್ನು ನಾವು ಕಲಿಯಬೇಕು. ಅಪ್ಪುವಿನ ಒಳ್ಳೆಯತನ ಎಲ್ಲರ ಬಾಯಲ್ಲಿತ್ತು, ಸಿನಿಮಾದ ಮಾತು ಬರಲೇ ಇಲ್ಲ. ನನಗೆ ಆಡಬೇಕಾಗಿರುವುದು ಆ ಮಾತನ್ನೇ.

2022ರ ಮಾರ್ಚ್ 17ಕ್ಕೆ, ಅಪ್ಪು ಹುಟ್ಟಿದ ದಿನ, ‘ಜೇಮ್ಸ್’ ಬಂತು. ಡಬ್ಬಿಂಗ್ ಮುಗಿಸುವ ಮೊದಲೇ ಹೋಗಿದ್ದರಿಂದ ಶಿವಣ್ಣ ದನಿ ಕೊಟ್ಟಿದ್ದರು. ನನ್ನ ತಮ್ಮ ಅವ್ವನನ್ನು ವಿಜಯಪುರಕ್ಕೆ ಕರೆದೊಯ್ದು ತೋರಿಸಿದ. ರಾತ್ರಿ ಫೋನಿನಲ್ಲಿ ಅವ್ವ ಅಂದದ್ದಿಷ್ಟೇ: ‘ಮಾರಿ ಅಂವಂದ ಅದ, ದನಿ ಅಂವಂದಲ್ಲ. ನನಗ ಕುಂದ್ರಾಕ ಆಗಲಿಲ್ಲ.’ ಆಮೇಲೆ ತಂತ್ರಜ್ಞಾನ ಬಳಸಿ ಪುನೀತ್ ಅವರದೇ ದನಿ ಕೂಡಿಸಿ ಮತ್ತೆ ಬಿಡುಗಡೆ ಮಾಡಿದರು. ಜನ ಎರಡನೇ ಸಲ ಹೋದರು, ಆ ದನಿ ಕೇಳಲಿಕ್ಕೇ.

ಅವ್ವನ ಆ ಮಾತು ನನ್ನನ್ನು ಬಿಡಲಿಲ್ಲ. ಮರುವರ್ಷ ಊರಿಗೆ ಹೋದಾಗ ತಮ್ಮನ ಮಗನನ್ನು ಕರಕೊಂಡು ಒಂದು ಸಿನಿಮಾಕ್ಕೆ ಹೋಗಿದ್ದೆ. ಹುಡುಗನಿಗೆ ಒಂಬತ್ತು ವರ್ಷ. ನಾಯಕನ ಜೊತೆಗಾರ ಒಬ್ಬ ನಮ್ಮ ಕಡೆಯವನು. ಅವನು ‘ನಮ್ಮಪ್ಪಗ ಆರಾಮಿಲ್ರಿ, ಊರಿಗಿ ಹೋಗಬೇಕ್ರಿ’ ಅಂದ ಕೂಡಲೇ ಹಿನ್ನೆಲೆಯಲ್ಲಿ ನಗುವಿನ ಸಂಗೀತ. ಟಾಕೀಜಿನ ಒಳಗೆ, ವಿಜಯಪುರದ ಟಾಕೀಜಿನ ಒಳಗೇ, ಜನ ನಕ್ಕರು. ಹುಡುಗ ನನ್ನ ತೋಳು ಜಗ್ಗಿ ಕೇಳಿದ: ‘ಕಾಕಾ, ಅಂವನ ಅಪ್ಪಗ ಆರಾಮಿಲ್ಲಲ್ಲಾ, ಇವರು ಯಾಕ ನಗಲಾಕತ್ತಾರ?’

ಅವನಿಗೆ ಉತ್ತರ ಹೇಳಲು ಆಗಲಿಲ್ಲ. ಅವನ ಅಪ್ಪ, ಅಜ್ಜಿ, ಅವನು, ಎಲ್ಲರೂ ಮನೆಯಲ್ಲಿ ಆಡುವ ಮಾತು ಅದು. ಸಾವಿನ ಸುದ್ದಿ ಹೇಳುವುದು, ಮದುವೆಗೆ ಕರೆಯುವುದು, ಜಗಳವಾಡುವುದು, ಕೂಸು ಮಲಗಿಸುವುದು ಅದರಲ್ಲೇ. ತೆರೆಯ ಮೇಲೆ ಬಂದಾಗ ಮಾತ್ರ ಅದು ನಗೆಯ ಮಾತಾಗುತ್ತದೆ. ಆಡುವವನು ಅಡುಗೆಯವನೋ ಕಾವಲುಗಾರನೋ ಆಗಿರುತ್ತಾನೆ.

2016ರಲ್ಲಿ ಪುಣೆಯಲ್ಲಿ ‘ಸೈರಾಟ್’ ಎಂಬ ಮರಾಠಿ ಚಿತ್ರ ನೋಡಿದ್ದೆ. ನಿರ್ದೇಶಕ ನಾಗರಾಜ ಮಂಜುಳೆ ಆ ಕತೆಯನ್ನು ಸೋಲಾಪುರ ಜಿಲ್ಲೆಯ ಕರಮಾಳಾ ಕಡೆಯ ಊರುಗಳಲ್ಲಿ ಇಟ್ಟರು. ಅಕಲೂಜಿನ ಹುಡುಗಿ ರಿಂಕು ರಾಜಗುರು ಅದರ ನಾಯಕಿ. ಅವಳೂ ನಾಯಕನೂ ಮೊದಲಿನಿಂದ ಕೊನೆತನಕ ಆ ಹಳ್ಳಿಗಳ ಮರಾಠಿಯನ್ನೇ ಆಡುತ್ತಾರೆ. ಪುಣೆಯವರಿಗೆ ತಮ್ಮ ಮರಾಠಿಯೇ ಶುದ್ಧ ಎಂಬ ಅಭಿಮಾನ ಬಹಳ, ಕಚೇರಿಯಲ್ಲಿ ಸೋಲಾಪುರದವರ ಮಾತು ತಿದ್ದುವವರನ್ನು ಕಂಡಿದ್ದೇನೆ. ಅಂಥ ಜನ ಆ ಥಿಯೇಟರಿನಲ್ಲಿ ಮಾತಿಗೆ ನಗಲಿಲ್ಲ, ನಗುವ ಪ್ರಸಂಗಕ್ಕೆ ನಕ್ಕರು. ಕೊನೆಯಲ್ಲಿ ತೆರೆ ನಿಶ್ಶಬ್ದವಾದಾಗ ಉಸಿರು ಬಿಗಿಹಿಡಿದು ಕೂತರು. ಅಲ್ಲಿಯತನಕ ಯಾವ ಮರಾಠಿ ಚಿತ್ರವೂ ಅಷ್ಟು ಗಳಿಸಿರಲಿಲ್ಲ. ಕರಮಾಳಾ ತಾಲೂಕಿನ ಅಂಚಿಗೆ ಉಜನಿ ಜಲಾಶಯದ ಹಿನ್ನೀರು ಇದೆ. ಅಲ್ಲಿಂದ ಬಿಟ್ಟ ನೀರೇ ಹರಿದು ಧೂಳಖೇಡಕ್ಕೆ ಬರುತ್ತದೆ, ನಮ್ಮ ಲಿಂಬೆಗೂ ಕಬ್ಬಿಗೂ ಅದೇ ಭೀಮೆ. ಒಂದೇ ನದಿಯ ಮೇಲಿನ ದಂಡೆಯ ಆಡುಮಾತಿಗೆ ಸಿಕ್ಕ ಮರ್ಯಾದೆ ಕೆಳಗಿನ ದಂಡೆಯದಕ್ಕೆ ಯಾಕೆ ಸಿಗಲಿಲ್ಲ?

ಏನೂ ಬಂದಿಲ್ಲ ಎಂದು ಹೇಳುತ್ತಿಲ್ಲ. ನಾಗಾಭರಣ 1990ರಲ್ಲಿ ‘ಸಂತ ಶಿಶುನಾಳ ಶರೀಫ’, 1997ರಲ್ಲಿ ‘ನಾಗಮಂಡಲ’ ಮಾಡಿದರು, ಅವುಗಳಲ್ಲಿ ನಮ್ಮ ಕಡೆಯ ಮಾತಿಗೆ ನೋವೂ ಇತ್ತು, ತೂಕವೂ ಇತ್ತು. ಅಪ್ಪುವಿನ ‘ದೊಡ್ಮನೆ ಹುಡ್ಗ’ದ ‘ತ್ರಾಸ್ ಆಕ್ಕತಿ’ ಹಾಡನ್ನು ನಮ್ಮೂರ ಮದುವೆಗಳಲ್ಲಿ ಎಷ್ಟು ಸಲ ಹಚ್ಚಿದ್ದಾರೋ. ‘ಆಕ್ಕತಿ’ ಹುಬ್ಬಳ್ಳಿ ಕಡೆಯ ಮಾತು, ನಾವು ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು ‘ಆಗ್ತದ’ ಅನ್ನುತ್ತೇವೆ. ಆದರೂ ನಮ್ಮದೆಂದೇ ಎತ್ತಿಕೊಂಡೆವು, ಅಷ್ಟು ಹಸಿದಿದ್ದೆವು. ಒಂದು ಹಾಡಿಗೆ ನಾವು ಅಷ್ಟು ಪ್ರೀತಿ ಕೊಟ್ಟಿದ್ದರೆ ಒಂದು ಇಡೀ ಚಿತ್ರಕ್ಕೆ ಎಷ್ಟು ಕೊಟ್ಟೇವು ಎಂದು ಸಿನಿಮಾ ಮಾಡುವವರು ಒಮ್ಮೆ ಲೆಕ್ಕ ಹಾಕಲಿ.

ಬೆಂಗಳೂರು, ಮೈಸೂರಿನವರಿಗೆ ಅರ್ಥವಾಗುವುದಿಲ್ಲ ಎಂಬ ಮಾತು ಕೇಳಿ ಕೇಳಿ ಸಾಕಾಗಿದೆ. 2022ರ ‘ಕಾಂತಾರ’ದಲ್ಲಿ ಕರಾವಳಿಯ ಕನ್ನಡವೇ ತುಂಬಿದೆ, ಅರ್ಥವಾಗಲಿಲ್ಲವೆಂದು ಯಾರೂ ಎದ್ದು ಹೋಗಲಿಲ್ಲ. ಇನ್ನು ನಮ್ಮ ಅವ್ವ ‘ಹೊಂಟೀನಿ’ ಅನ್ನುವವಳು, ಐವತ್ತು ವರ್ಷ ‘ಹೋಗ್ತಾ ಇದೀನಿ’ ಅನ್ನುವ ನಾಯಕರನ್ನು ಅರ್ಥ ಮಾಡಿಕೊಂಡಿದ್ದಾಳೆ. ಅವರಿಗಾಗಿ ದೀಪ ಹಚ್ಚಿದ್ದಾಳೆ, ಕಣ್ಣು ಬರೆದುಕೊಟ್ಟಿದ್ದಾಳೆ. ಅವಳ ಮಾತನ್ನು ಎರಡೂವರೆ ತಾಸು ಕಿವಿಗೊಟ್ಟು ಕೇಳಿ ಎಂದು ನಾನು ದಕ್ಷಿಣದ ಕನ್ನಡಿಗರನ್ನು ಕೇಳುತ್ತಿದ್ದೇನೆ. ಚಿತ್ರರಂಗದವರನ್ನೂ ಕೇಳುತ್ತಿದ್ದೇನೆ: ದೊಡ್ಡ ನಟನೊಬ್ಬನ ಬಾಯಲ್ಲಿ, ದೊಡ್ಡ ಚಿತ್ರದಲ್ಲಿ, ಮೊದಲ ದೃಶ್ಯದಿಂದ ಕೊನೆತನಕ ಆ ಮಾತು ಇಡಿ.

ನಮ್ಮ ಹುಡುಗರು ಮೊಬೈಲಿನಲ್ಲೇ ಸಣ್ಣಸಣ್ಣ ಚಿತ್ರ ತೆಗೆದು ಯೂಟ್ಯೂಬಿಗೆ ಹಾಕುತ್ತಿದ್ದಾರೆ. ಪುಣೆಯ ಕೋಣೆಗಳಲ್ಲಿ ನಾಲ್ಕು ನಾಲ್ಕು ಜನ ಒಂದೇ ಫೋನಿಗೆ ತಲೆಗೂಡಿಸಿ ಅದನ್ನು ನೋಡುತ್ತಾರೆ. ಅದಕ್ಕೂ ಹಳೆಯ ಜಾಗ ಒಂದಿದೆ. ಬಾದಾಮಿಯ ಹತ್ತಿರ ಬನಶಂಕರಿ ಜಾತ್ರೆಯಲ್ಲಿ, ಬನದ ಹುಣ್ಣಿಮೆಯಿಂದ ತಿಂಗಳಗಟ್ಟಲೆ, ನಾಟಕ ಕಂಪನಿಗಳ ತಗಡಿನ ಥಿಯೇಟರುಗಳು ಸಾಲಾಗಿ ನಿಲ್ಲುತ್ತವೆ. ರಾತ್ರಿ ಇಡೀ ಆಟ. ಅಲ್ಲಿ ಹಾಸ್ಯದವನಷ್ಟೇ ಅಲ್ಲ, ನಾಯಕನೂ ನಾಯಕಿಯ ತಂದೆಯೂ ನಮ್ಮ ಹಾಗೇ ಮಾತಾಡುತ್ತಾರೆ. ಅಪ್ಪನ ಹೆಗಲ ಮೇಲೆ ಕೂತು ನಾನು ಅಲ್ಲಿಗೆ ಹೋಗಿದ್ದೆ. ಬರುವ ಜಾತ್ರೆಗೆ ತಮ್ಮನ ಮಗನನ್ನು ಕರಕೊಂಡು ಹೋಗುತ್ತೇನೆಂದು ಮಾತು ಕೊಟ್ಟಿದ್ದೇನೆ. ‘ಅಲ್ಲಿ ಹೀರೋ ನಮ್ಮಂಗ ಮಾತಾಡ್ತಾನೇನ ಕಾಕಾ?’ ಅಂದ. ಹೌದು ಅಂದೆ. ‘ಯಾರೂ ನಗಂಗಿಲ್ಲೇನ?’ ಅಂದ.