ಆಟದ ನಿಯಮಕ್ಕೂ ಬೀಗ ಹಾಕುವವರು

ಇವತ್ತು ನಮ್ಮಣ್ಣನ ಮಗನ ಮೇಲೆ ರೇಗಬೇಕಿತ್ತು. ಪರೀಕ್ಷೆ ಹತ್ತಿರ ಬಂದಿದೆ, ಇವನು ಲ್ಯಾಪ್‌ಟಾಪ್ ಮುಂದೆ ಕೂತು 2014ರ ಹಳೇ ಗೇಮ್ ಆಡುತ್ತಿದ್ದ. ಬೈಯಲು ಅಂತ ರೂಮಿಗೆ ಹೋದವಳು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತುಬಿಟ್ಟೆ. ಸಿಟ್ಟೇನೋ ಹಾಗೇ ಇದೆ, ಆದರೆ ಅವನ ಮೇಲಲ್ಲ.

ಗೇಮಿನ ಹೆಸರು ‘ಶ್ಯಾಡೋ ಆಫ್ ಮೊರ್ಡಾರ್’. ಅದರಲ್ಲಿ ನಿಮ್ಮನ್ನು ಕೊಂದ ರಾಕ್ಷಸನಿಗೆ ಬಡ್ತಿ ಸಿಗುತ್ತದೆ! ಹೆಸರೇ ಇಲ್ಲದ ಸಿಪಾಯಿಗೆ ಹೆಸರು ಬರುತ್ತದೆ, ಪದವಿ ಬರುತ್ತದೆ. ಮುಂದಿನ ಸಲ ಎದುರಾದರೆ ‘ಮತ್ತೆ ಬಂದೆಯಾ’ ಅಂತ ಹಂಗಿಸುತ್ತಾನೆ. ನೀವು ಬೆಂಕಿ ಹಚ್ಚಿ, ಅವನು ಹೇಗೋ ಬದುಕಿಕೊಂಡಿದ್ದರೆ ಸುಟ್ಟ ಮುಖ ಹೊತ್ತುಕೊಂಡು ಹುಡುಕಿಕೊಂಡು ಬರುತ್ತಾನೆ. ಕಥೆಯನ್ನು ಯಾರೋ ಮೊದಲೇ ಬರೆದಿಟ್ಟಿಲ್ಲ. ನೀವು ಸೋತಿದ್ದೇ ಕಥೆ. ಇದಕ್ಕೆ ನೆಮೆಸಿಸ್ ಸಿಸ್ಟಮ್ ಅನ್ನುತ್ತಾರೆ.

"ಅತ್ತೆ, ಇಷ್ಟು ಚೆನ್ನಾಗಿದೆಯಲ್ಲ, ಇದನ್ನ ಬೇರೆ ಗೇಮಲ್ಲೆಲ್ಲ ಯಾಕೆ ಹಾಕಲ್ಲ?" ಅಂದ.

ಪೇಟೆಂಟ್ ಮಾಡಿಸಿಕೊಂಡಿದ್ದಾರೆ ಕಣೋ, ಅದಕ್ಕೆ.

ಈ ಗೇಮ್ ಹೊರತಂದ ವಾರ್ನರ್ ಬ್ರದರ್ಸ್‌ಗೆ 2021ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಇದರ ಪೇಟೆಂಟ್ ಸಿಕ್ಕಿತು. 2017ರಲ್ಲಿ ಎರಡನೇ ಗೇಮ್ ಬಂದಿತ್ತು, ಅಷ್ಟೇ. ಆಮೇಲೆ ಅವರು ಇದನ್ನು ಇಟ್ಟುಕೊಂಡು ಒಂದು ಗೇಮನ್ನೂ ಹೊರಗೆ ತರಲಿಲ್ಲ. 2025ರ ಫೆಬ್ರವರಿಯಲ್ಲಿ ಇದನ್ನು ಕಂಡುಹಿಡಿದ ಮೊನೊಲಿತ್ ಸ್ಟುಡಿಯೋವನ್ನೇ ಮುಚ್ಚಿದರು. ಮಾಡಿದವರು ಮನೆಗೆ ಹೋದರು, ಕಾಗದ ಕಪಾಟಿನಲ್ಲಿ ಉಳಿಯಿತು. ತಾನೂ ತಿನ್ನೊಲ್ಲ, ತಿನ್ನುವವರಿಗೂ ಬಿಡೊಲ್ಲ ಅಂದರೆ ಇದೇ ಅಲ್ವಾ?

ನಾನು ಗೇಮ್ ಆಡುವುದು ನಿಮಗೆಲ್ಲ ಗೊತ್ತೇ ಇದೆ. ‘ಗಣಿತದ ಮೇಡಂ ಮೊಬೈಲಲ್ಲಿ ಇಸ್ಪೀಟು ಆಡುತ್ತಾರೆ’ ಅಂತ ಸ್ಟಾಫ್ ರೂಮಿನಲ್ಲಿ ಸುದ್ದಿಯಾದ ಮೇಲೆ ಮುಚ್ಚಿಡುವುದಕ್ಕೆ ಏನೂ ಉಳಿದಿಲ್ಲ. (ಅದು ಬಾಲಾಟ್ರೋ, ಪೋಕರ್ ಅನ್ನುವ ಇಸ್ಪೀಟಾಟದ ಮೇಲೆ ಕಟ್ಟಿದ ಗೇಮ್. ಅದರಲ್ಲಿ ನಿಜವಾದ ದುಡ್ಡು ಕಟ್ಟುವುದಿಲ್ಲ. ಎಷ್ಟು ಸಲ ಹೇಳಲಿ.) ಹೊಸ ಗೇಮ್ ಅಂದರೆ ಮಳೆಹನಿ ಎಷ್ಟು ನಿಜವಾಗಿ ಕಾಣುತ್ತದೆ, ಎಷ್ಟು ಜಿಬಿ ಇದೆ ಅಂತ ಕೇಳುವವರೇ ಜಾಸ್ತಿ. ನನಗೆ ಹೊಸತು ಅಂದರೆ ಹೊಸ ನಿಯಮ. ಮಳೆಹನಿಗೆ ಯಾರೂ ಬೀಗ ಹಾಕಿಲ್ಲ. ಹಾಕುವುದು ನಿಯಮಕ್ಕೇ.

ಪಾಲ್‌ವರ್ಲ್ಡ್ ನೋಡಿ. 2024ರ ಜನವರಿಯಲ್ಲಿ ಬಂತು. ಮಾಡಿದ್ದು ಜಪಾನಿನ ಪಾಕೆಟ್‌ಪೇರ್ ಅನ್ನುವ ಚಿಕ್ಕ ಕಂಪನಿ. ವಿಚಿತ್ರ ಪ್ರಾಣಿಗಳನ್ನು ಹಿಡಿದು, ಅವುಗಳ ಕೈಯಲ್ಲಿ ಕಾರ್ಖಾನೆ ಕೆಲಸ ಮಾಡಿಸುವ ಆಟ. ಪೋಕಿಮಾನ್ ನೆರಳು ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅದೇ ವರ್ಷ ಸೆಪ್ಟೆಂಬರಿನಲ್ಲಿ ಪೋಕಿಮಾನ್ ಗೇಮುಗಳನ್ನು ತರುವ ನಿಂಟೆಂಡೊ ಮತ್ತು ಪೋಕಿಮಾನ್ ಕಂಪನಿ ಕೋರ್ಟಿಗೆ ಹೋಗಿದ್ದು ಪ್ರಾಣಿಗಳ ಮುಖ ಕದ್ದರು ಅಂತಲ್ಲ, ಪೇಟೆಂಟ್ ಮುರಿದರು ಅಂತ. ಆ ಪೇಟೆಂಟುಗಳಿಗೆ ಅರ್ಜಿ ಹಾಕಿದ್ದು ಪಾಲ್‌ವರ್ಲ್ಡ್ ಬಂದ ಮೇಲೆ! 2021ರ ಮೂಲ ಅರ್ಜಿಯಿಂದ ಕವಲು ಒಡೆಸಿ ತಂದಿದ್ದಂತೆ. ಕಾನೂನಿನಲ್ಲಿ ಅದಕ್ಕೆ ದಾರಿ ಇದೆಯಂತೆ. ಇರಲೇಬೇಕಲ್ಲ.

ಕೊನೆಗೆ ಆಗಿದ್ದೇನು? ನವೆಂಬರಿನಲ್ಲಿ ಚೆಂಡು ಎಸೆದು ಪ್ರಾಣಿಯನ್ನು ಹೊರಗೆ ಕರೆಯುವುದನ್ನು ತೆಗೆದರು. 2025ರ ಮೇನಲ್ಲಿ ಪ್ರಾಣಿಯನ್ನು ಹಿಡಿದುಕೊಂಡು ಗಾಳಿಯಲ್ಲಿ ತೇಲುವುದೂ ಹೋಯಿತು, ಗ್ಲೈಡರ್ ಇದ್ದರೆ ಮಾತ್ರ ತೇಲಬಹುದು. ದುಡ್ಡು ಕೊಟ್ಟು ಕೊಂಡವರ ಮನೆಯೊಳಗೇ ಆಟ ಬದಲಾಯಿತು.

ಇದು ಹೊಸ ಚಾಳಿಯೂ ಅಲ್ಲ. ಗೇಮ್ ಲೋಡ್ ಆಗುವಾಗ ಸುಮ್ನೆ ಕಾಯುವ ಬದಲು ಚಿಕ್ಕ ಆಟ ಆಡಿಸುವ ಉಪಾಯಕ್ಕೆ ನಾಮ್ಕೋ ಕಂಪನಿ 90ರ ದಶಕದಲ್ಲೇ ಪೇಟೆಂಟ್ ಪಡೆದಿತ್ತು. ಅವಧಿ ಮುಗಿದಿದ್ದು 2015ರಲ್ಲಿ. ಅಷ್ಟು ವರ್ಷ ನಾವೆಲ್ಲ ತಿರುಗುವ ಚಕ್ರ ನೋಡುತ್ತಾ ಕೂತಿದ್ದೆವು. ಬೀಗ ತೆಗೆದ ಸ್ವಲ್ಪ ವರ್ಷಕ್ಕೆ ಗೇಮ್ ಆಡುವ ಯಂತ್ರಗಳಿಗೆ ಎಸ್‌ಎಸ್‌ಡಿ ಅನ್ನುವ ವೇಗದ ಸ್ಟೋರೇಜ್ ಬಂದು, ಕಾಯುವುದೇ ಕಡಿಮೆಯಾಯಿತು. ಯಾರಿಗೆ ಏನು ಸಿಕ್ಕಿತು?

ಗುಬ್ಬಿ ಹತ್ತಿರದ ನಮ್ಮ ತವರೂರಲ್ಲಿ ಚೌಕಾಬಾರ ಆಡುತ್ತಿದ್ದೆವು. ದೇವಸ್ಥಾನದ ಕಲ್ಲಿನ ಮೇಲೆ ಯಾರು ಯಾವಾಗ ಮನೆ ಕೊರೆದರೋ ದೇವರಿಗೇ ಗೊತ್ತು. ಕವಡೆ ಇಲ್ಲದಿದ್ದರೆ ಹುಣಸೆ ಬೀಜ ಉಜ್ಜಿಕೊಳ್ಳುವುದು. ನಮ್ಮ ಬೀದಿಯಲ್ಲಿ ಎದುರಾಳಿಯ ಒಂದು ಕಾಯಾದರೂ ಹೊಡೆಯದೆ ಒಳಮನೆಗೆ ಹೋಗುವಂತಿರಲಿಲ್ಲ. ಮೇಲಿನ ಬೀದಿಯಲ್ಲಿ ಹೋಗಬಹುದಿತ್ತು. ಜೋಡಿ ಕಾಯಿ ಹೊಡೆಯುವ ವಿಷಯಕ್ಕೆ ನಮ್ಮಜ್ಜಿ ಸೋಲುತ್ತಿದ್ದಾಗಲೆಲ್ಲ ಹೊಸ ನಿಯಮ ತರುತ್ತಿದ್ದರು. ಚೆನ್ನಾಗಿದ್ದರೆ ಅದು ಊರಲ್ಲಿ ಉಳಿಯುತ್ತಿತ್ತು, ಇಲ್ಲದಿದ್ದರೆ ಜಗಳ. ಅಜ್ಜಿ ಮೇಲಿನ ಬೀದಿಯವರಿಗೆ ವಕೀಲರ ನೋಟಿಸ್ ಕಳಿಸಿದ್ದು ನನಗಂತೂ ನೆನಪಿಲ್ಲ.

ನಮ್ಮ ದೇಶದ ಕಾನೂನಂತೂ ಅಜ್ಜಿ ಪರವೇ ಇದೆ. 1970ರ ಪೇಟೆಂಟ್ ಕಾಯ್ದೆಯ 3(ಎಂ) ಕಲಂ ಪ್ರಕಾರ ಬರೀ ಆಟ ಆಡುವ ವಿಧಾನಕ್ಕೆ ಪೇಟೆಂಟ್ ಇಲ್ಲ. ಇದನ್ನು ಓದಿದ ದಿನ ಯಾರಿಗಾದರೂ ಹೋಳಿಗೆ ಹಾಕಬೇಕು ಅನ್ನಿಸಿತ್ತು. ಆದರೆ ನಮ್ಮ ಹುಡುಗರು ಗೇಮ್ ಮಾಡಿದರೆ ಮಾರುವುದು ಇಲ್ಲಿ ಮಾತ್ರ ಅಲ್ಲವಲ್ಲ.

‘ಕಷ್ಟಪಟ್ಟವರ ಗತಿ ಏನು ಮೇಡಂ, ಎಲ್ಲರೂ ಕದಿಯಲಿ ಅಂತೀರಾ’ ಅಂತ ಕೇಳುವವರು ಬಂದೇ ಬರುತ್ತೀರಿ. ‘ತ್ರೀಸ್’ ಉದಾಹರಣೆಯನ್ನೂ ಕೊಡುತ್ತೀರಿ. ಒಂದು ವರ್ಷಕ್ಕೂ ಜಾಸ್ತಿ ತಿದ್ದಿ ತೀಡಿ 2014ರಲ್ಲಿ ಹೊರತಂದ ಆಟ. ಮರು ತಿಂಗಳೇ ಇಟಲಿಯ 19 ವರ್ಷದ ಹುಡುಗ ಒಂದು ವಾರಾಂತ್ಯದಲ್ಲಿ ಅದೇ ಥರದ ‘2048’ ಅನ್ನುವ ಆಟ ಮಾಡಿ ಬಿಟ್ಟ. ಲೋಕವೆಲ್ಲ ಅದನ್ನೇ ಆಡಿತು. ತ್ರೀಸ್ ಮಾಡಿದವರ ಹೊಟ್ಟೆ ಉರಿದಿದ್ದು ನ್ಯಾಯವೇ. ಸರಿ, ಅವರ ಹತ್ತಿರ ಪೇಟೆಂಟ್ ಇದ್ದಿದ್ದರೆ? ಬೆರಳೆಣಿಕೆಯ ಜನ ಎಷ್ಟು ದೇಶದ ಕೋರ್ಟು ಹತ್ತಬೇಕಿತ್ತು? ಚಿತ್ರ, ಸಂಗೀತ, ಕೋಡ್ ಕದ್ದರೆ ಹಿಡಿಯಲು ಕಾಪಿರೈಟ್ ಇದ್ದೇ ಇದೆ. ಪೇಟೆಂಟ್ ಅನ್ನುವುದು ವಕೀಲರ ದಂಡು ಇರುವವರ ಆಯುಧ, ಚಿಕ್ಕವರ ಹೆಸರು ಹೇಳಿಕೊಂಡು ಹಿಡಿಯುವುದು ಅಷ್ಟೇ.

ಬಾಲಾಟ್ರೋ ಮಾಡಿದ್ದು ಕೆನಡಾದ ಒಬ್ಬನೇ ಒಬ್ಬ ಮನುಷ್ಯ. ಲೋಕಲ್‌ಥಂಕ್ ಅನ್ನುವ ಅಡ್ಡಹೆಸರು ಬಿಟ್ಟರೆ ಅವನ್ಯಾರು ಅಂತಲೂ ಹೇಳಿಕೊಂಡಿಲ್ಲ. ಪೋಕರ್ ಯಾರಪ್ಪನ ಸ್ವತ್ತೂ ಅಲ್ಲ. ಸತ್ತರೆ ಮೊದಲಿನಿಂದ ಶುರು ಮಾಡುವ ನಿಯಮ 1980ರ ‘ರೋಗ್’ ಗೇಮಿನ ಕಾಲದ್ದು, ಅದಕ್ಕೂ ಯಾರೂ ಬೀಗ ಹಾಕಿರಲಿಲ್ಲ. ಎರಡನ್ನೂ ಸೇರಿಸಿ, ಮೇಲೆ ತನ್ನದೇ ಜೋಕರ್‌ಗಳನ್ನು ಹಾಕಿದ. ವರ್ಷ ತುಂಬುವುದರೊಳಗೆ 50 ಲಕ್ಷ ಪ್ರತಿ ಮಾರಾಟವಾಯಿತು. ಯಾವುದೋ ಕಂಪನಿ 80ರಲ್ಲೇ ಆ ನಿಯಮವನ್ನು ಬರೆಸಿಕೊಂಡಿದ್ದರೆ? ನೆನೆಸಿಕೊಂಡರೆ ಮೈ ಉರಿಯುತ್ತದೆ.

ಹುಡುಗನಿಗೆ ಈಗ ಚೌಕಾಬಾರವನ್ನು ಗೇಮ್ ಮಾಡುವ ಹುಚ್ಚು ಹತ್ತಿದೆ. ಹೊಡೆಸಿಕೊಂಡ ಕಾಯಿ ಸೇಡು ಇಟ್ಟುಕೊಳ್ಳಬೇಕಂತೆ! ಪರೀಕ್ಷೆ ಮುಗಿಯಲಿ, ಆಮೇಲೆ ಮಾಡು ಅಂದಿದ್ದೇನೆ. ಪಾವಗಡ, ಮಧುಗಿರಿ, ಶಿರಾ ಕಡೆಯವರು ನಿಮ್ಮೂರಲ್ಲಿ ಕಾಯಿ ಹೊಡೆಯದೆ ಒಳಗೆ ಬಿಡುತ್ತೀರಾ, ಜೋಡಿ ಕಾಯಿಯನ್ನು ಒಂಟಿ ಕಾಯಿ ಹೊಡೆಯಬಹುದಾ, ಬರೆದು ಕಳಿಸಿ. ಅಣ್ಣನಿಗೆ ಮಾತ್ರ ಹೇಳಬೇಡಿ.